ಮೌನ ಕಲಿಸಲು ಬಂದ ಹೇಮಾ

ನಾಗಪುರದ ಮೇ ತಿಂಗಳಲ್ಲಿ ಬುದ್ಧಿಯಿದ್ದವರು ಯಾರೂ ಮಧ್ಯಾಹ್ನ ಬಾಯಿ ತೆರೆಯುವುದಿಲ್ಲ, ತೆರೆದರೆ ನಾಲಗೆ ಒಣಗುತ್ತದೆ. ಇಂಥ ಊರಿಗೆ ಮೌನ ಕಲಿಸಲೆಂದು ಫಿನ್ಲೆಂಡ್ ದೇಶದ ಒಂದು ಹುಡುಗಿಯನ್ನು ಕಳಿಸಿದ್ದರಲ್ಲ, ಕಳಿಸಿದವರಿಗೆ ಏನನ್ನಬೇಕು. ಹೆಸರು ಹೆಲ್ಮಿ. ಅಜನಿಯ ನಮ್ಮ ಓಣಿಯಲ್ಲಿ ಅದು ಯಾರ ಬಾಯಿಗೂ ಒಗ್ಗದೆ ಹೇಮಾ ಆಯಿತು. ಮೌನ ಮಿಷನ್ ಎಂಬ ಸಂಸ್ಥೆಯ ಪ್ರಚಾರಕಿ. ಚಳಿಗಾಲಕ್ಕೆ ಮೊದಲೇ ಬಂದು, ನಮ್ಮ ಅಡುಗೆಮನೆಗೆ ಅಂಟಿದ ಕೋಣೆಯಲ್ಲಿ ಬಾಡಿಗೆಗಿದ್ದಳು. ಹೊತ್ತು ಮುಳುಗುವ ತನಕ ಮಾತಾಡಬಾರದೆಂಬುದು ಅವರ ವ್ರತ. ಮುಳುಗಿದ ಮೇಲೂ ಇಂಗ್ಲಿಷಿನಲ್ಲಿ ಒಂದು ಗುಡ್ ಈವ್ನಿಂಗ್, ಊಟವಾದ ಮೇಲೆ ಒಂದು ಥ್ಯಾಂಕ್ಯೂ, ಅಷ್ಟೇ.

ದಿನಾ ಬೆಳಿಗ್ಗೆ ಪಾರ್ಕಿಗೆ ಹೋಗಿ, 'ಬನ್ನಿ, ಸುಮ್ಮನೆ ಕೂಡೋಣ' ಎಂದು ಹಿಂದಿಯಲ್ಲಿ ಬರೆದ ಹಲಗೆ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂಡುತ್ತಿದ್ದಳು. ಅದೇ ಮರದ ಕೆಳಗೆ ಲಾಫ್ಟರ್ ಕ್ಲಬ್ಬಿನ ಮುದುಕರು ಕೈ ಮೇಲೆತ್ತಿ ಹೊಹ್ಹೊ ಎಂದು ನಗುತ್ತಿದ್ದರು. ಅವಳ ಕಡೆ ಒಬ್ಬರೂ ಬರಲಿಲ್ಲ. ಒಂದು ನಾಯಿ ಮಾತ್ರ ಬಂದು ಮಲಗುತ್ತಿತ್ತು.

ಆ ಸೋಮವಾರ ಪುಣೆಯಿಂದ ಅವಳ ಮೇಲಿನವರ ಫೋನು ಬಂತು. ಮುರಳೀಧರಜೀ ಎಂಬ ಹಿರಿಯ ಸಾಧಕರು ಭಾನುವಾರ ಬರುತ್ತಾರಂತೆ. ಹತ್ತು ಜನ ಒಂದು ತಾಸು ಮೌನವಾಗಿ ಕೂತು ತೋರಿಸಬೇಕು, ಇಲ್ಲದಿದ್ದರೆ ನಾಗಪುರದ ಕೇಂದ್ರ ಬಂದ್, ಹುಡುಗಿ ವಾಪಸ್ ಫಿನ್ಲೆಂಡಿಗೆ. ಅಂದು ಸಂಜೆ ಮಾತ್ರ ಇಂಗ್ಲಿಷಿನಲ್ಲಿ ಇಷ್ಟನ್ನೂ ಹೇಳುವಾಗ ಅವಳ ಕಣ್ಣು ತುಂಬಿದ್ದವು. ಈ ಸುಡುಗಾಡು ಬಿಸಿಲನ್ನು ಬಿಟ್ಟು ಹೋಗಲು ಅಳುವ ಮನುಷ್ಯಪ್ರಾಣಿಯನ್ನು ನಾನು ಅದೇ ಮೊದಲು ನೋಡಿದ್ದು. ಎರಡನೆಯದು ನಾನೇ.

ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಶಂಕರಪ್ಪ, ರೈಲ್ವೆಯವರು, ಇಲ್ಲಿನ ಕನ್ನಡ ಸಂಘದ ಅಧ್ಯಕ್ಷರು. ತಿಂಗಳ ಕೊನೆಗೆ ರಿಟೈರು. ಮೈಕು ಕಂಡಲ್ಲೆಲ್ಲ ನಮ್ಮೂರು, ನಮ್ಮ ಮಣ್ಣು ಎಂದು ಗಂಟಲು ಗದ್ಗದ ಮಾಡಿಕೊಳ್ಳುವವರು. ಧಾರವಾಡದಲ್ಲಿ ಒಂದು ಮನೆ ನೋಡಿ ಬಂದಿದ್ದರು, ಬರುವ ವಾರ ಮಾತು ಮುಗಿಸುವವರಿದ್ದರು. ನನ್ನನ್ನು ಕೇಳಿದರೇ? ಇಲ್ಲ. ಕೇಳುವುದೇನಿದೆ, ಹೆಂಡತಿ ಸಾಮಾನಿನ ಜೊತೆ ಬರುತ್ತಾಳೆ.

ಇರಲಿ, ಹುಡುಗಿಯ ಕತೆಗೆ ಬರೋಣ. ಹತ್ತು ಜನ ಕನ್ನಡದವರನ್ನು ಒಂದು ತಾಸು ಬಾಯಿ ಮುಚ್ಚಿ ಕೂಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಆದರೂ ಮಂಗಳವಾರ ಹೇಮಾ, ಭಾನುವಾರ ಸಂಘದ ಹಾಲ್‌ಗೆ ಮೌನಕ್ಕೆ ಬನ್ನಿ ಎಂಬ ಚೀಟಿ ಹಿಡಿದು, ಬಿಸಿಲಲ್ಲಿ ಮನೆಮನೆಗೆ ಹೋದಳು. ಎದುರುಮನೆಯ ಜಲಜಾ ಅವಳನ್ನು ಕೂಲರಿನ ಮುಂದೆ ಕೂಡಿಸಿ ಮಜ್ಜಿಗೆ ಕೊಟ್ಟಳು. ಜಲಜಾಳ ಗಂಡ ಮೌದಾದ ಪವರ್ ಹೌಸಿನಲ್ಲಿ ಕೆಲಸ, ಮನೆಗೆ ಬರುವುದೇ ಮಲಗಲಿಕ್ಕೆ. ಎದುರುತ್ತರ ಕೊಡದ ಒಂದು ಜೀವ ಸಿಕ್ಕಿದ್ದೇ ತಡ, ಅವಳು ಸಂಜೆಯ ತನಕ ಬಾಯಿ ಮುಚ್ಚಲಿಲ್ಲ.

"ಹುಡುಗಿ ಭಾಳ ಚಲೋ ಐತ್ರಿ ವೈನಿ" ಎಂದಳು ನನ್ನ ಹತ್ತಿರ. "ನಡುವ ಬಾಯಿ ಹಾಕಂಗಿಲ್ಲ. ನಾವ್ ಅಂದದ್ದು ಆಕಿಗೆ ತಿಳಿಯೂದೂ ಇಲ್ಲ, ಚಿಂತೀನ ಇಲ್ಲ."

ಸುದ್ದಿ ಹಬ್ಬಿತು. ಬುಧವಾರದಿಂದ ನಮ್ಮ ಮನೆ ಡಾಕ್ಟರ ದವಾಖಾನೆಯಂತಾಯಿತು. ಒಬ್ಬಳು ಒಳಗೆ, ನಾಲ್ಕು ಜನ ಹೊರಗೆ. ಕನ್ನಡ ಸಂಘದ ಅಷ್ಟೂ ಹೆಂಗಸರು ಬಂದರು, ಕೆಲವರ ಗಂಡಂದಿರೂ ತರಕಾರಿ ತರುವ ನೆಪದಲ್ಲಿ ಬಂದು ಹೋದರು. ನಾನು ಕದ್ದು ಕೇಳುವವಳಲ್ಲ, ಆದರೆ ಗೋಡೆ ತೆಳ್ಳಗಿದೆ, ನನ್ನದೇನು ತಪ್ಪು? ಬೆಂಗಳೂರಿನ ಮೃಣಾಲಿನಿ, ಪ್ರತಿ ಯುಗಾದಿಗೆ 'ನಾನೇ ಮಾಡಿದ್ದು ಆಂಟಿ' ಎಂದು ತರುತ್ತಿದ್ದ ಹೋಳಿಗೆ, ಅಂಗಡಿಯಿಂದ ತಂದ ಪೂರಣಪೋಳಿಯಂತೆ. ಅದನ್ನು ಹೊಗಳಿ ನಾನು ಎರಡೆರಡು ಸಲ ಹಾಕಿಸಿಕೊಂಡಿದ್ದೆ. ಮೈ ಉರಿಯಿತು.

ಹೇಮಾ ಮಾತ್ರ ಎಲ್ಲರಿಗೂ ತಲೆಯಾಡಿಸುತ್ತ, ಕೊನೆಗೆ ಕೈಮುಗಿದು ಭಾನುವಾರದ ಚೀಟಿ ಕೊಡುತ್ತಿದ್ದಳು. ಎಲ್ಲರೂ ನೋಡೋಣ ಎಂದು ಹಗುರಾಗಿ ಎದ್ದು ಹೋಗುತ್ತಿದ್ದರು. ಒಬ್ಬರೂ ಬರುತ್ತೇನೆ ಎನ್ನಲಿಲ್ಲ.

ಗುರುವಾರ ಮಧ್ಯಾಹ್ನ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವಳೂ ಬಂದು ಪಕ್ಕದಲ್ಲಿ ಕೂತು ಸುಲಿಯತೊಡಗಿದಳು. ಏನಾಯಿತೋ, ನನ್ನ ಬಾಯಿಯೂ ಬಿಚ್ಚಿತು.

"ನನಗ ಧಾರವಾಡ ಬ್ಯಾಡವಾ" ಎಂದೆ. "ಅದು ಅವರ ಊರು. ಅಲ್ಲಿ ನಾ ಅವರ ಮನಿ ಸೊಸಿ, ಸಾಯೂತನಕ ಸೆರಗು ಹೊದ್ದು ನೆಗೆಣ್ಯಾರಿಗೆ ಚಾ ಮಾಡೂದು. ಇಲ್ಲಿ ಕಾಯಿಪಲ್ಲೆ ಮಾರೂ ಭಾಜಿವಾಲಿ ಸುದ್ದಾ ನನ್ನ ಹೆಸರು ಹಿಡದು ಕರೀತಾಳ. ಸಂಘದಾಗ ನಮ್ಮೂರ ಹಾಡು ನಾನ ಹಾಡಸ್ತೀನಿ, ಈಗ ಬಾಯಿ ತಗದು ಇದನ್ನ ಹ್ಯಾಂಗ ಹೇಳ್ಲಿ?"

ಅವಳು ಬೆಳ್ಳುಳ್ಳಿ ಬಿಟ್ಟು ನನ್ನ ಕೈ ಹಿಡಿದುಕೊಂಡಳು. ನಾನು ಅತ್ತೆ. ಸುಖವಾಯಿತು, ಸುಳ್ಳು ಯಾಕೆ ಹೇಳಲಿ.

ಶನಿವಾರ ಹೊತ್ತು ಮುಳುಗಿದ ಮೇಲೆ ಜಲಜಾ, ಮೃಣಾಲಿನಿ ನಮ್ಮ ಮನೆಯಲ್ಲೇ ಇದ್ದರು. ಹೇಮಾ ಊಟಕ್ಕೆ ಕೂತಳು. ಎಣಗಾಯಿ ಬಾಯಿಗಿಟ್ಟುಕೊಂಡು, ಪಾಪ, ನಾಳೆಯ ಚಿಂತೆಯಲ್ಲಿ ಮೈಮರೆತಿದ್ದಳೋ ಏನೋ, "ಮೌಶಿ, ಪಲ್ಲೆ ಚಲೋ ಆಗೇತ್ರಿ. ಉಪ್ಪು ಒಂಚೂರು ಕಮ್ಮಿ" ಎಂದಳು.

ಜಲಜಾಳ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು.

"ನಿನಗ ಕನ್ನಡ ಬರ್ತೈತೇನು?" ಎಂದೆ.

"ನೀವು ನಿಮ್ಮ ಹುಬ್ಬಳ್ಳಿ ಅಕ್ಕಾರ ಜೋಡಿ ಫೋನಿನ್ಯಾಗ ಮಾತಾಡೂದು ಕೇಳಿ ಕೇಳಿ ಕಲ್ತೀನ್ರಿ."

ಮೃಣಾಲಿನಿಯ ದನಿ ಸಣ್ಣಗಾಯಿತು. "ನಾವು ಹೇಳಿದ್ದರಲ್ಲಿ ಎಷ್ಟು ಅರ್ಥ ಆಯ್ತಮ್ಮ ನಿಂಗೆ?"

"ಎಲ್ಲಾ ತಿಳೀತ್ರಿ" ಎಂದಳು ಹೇಮಾ. ಆ ರಾತ್ರಿ ನಮ್ಮ ಕನ್ನಡ ಸಂಘದಲ್ಲಿ ಯಾರೂ ನಿದ್ದೆ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ಸಂಘದ ಹಾಲ್ ತುಂಬಿ ಹೋಯಿತು. ರಾಜ್ಯೋತ್ಸವಕ್ಕೆ ಎಲೆ ಹಾಕುವ ಹೊತ್ತಿಗೆ ಬರುವವರೂ ಮುಂಚೆಯೇ ಬಂದು ಜಾಗ ಹಿಡಿದಿದ್ದರು. ತಾನಿಲ್ಲದಾಗ ತನ್ನ ಗುಟ್ಟು ಹೊರಬಿದ್ದರೆ ಎಂಬ ಹೆದರಿಕೆ. ಮುರಳೀಧರಜೀ ಮೌನದ ಮಹಿಮೆಯ ಬಗ್ಗೆ ಬೆವರು ಇಳಿಯುವ ತನಕ ಭಾಷಣ ಮಾಡಿ, ಗಂಟೆ ಬಾರಿಸಿದರು. ಆಮೇಲೆ ಯಾರೂ ಕೆಮ್ಮಲಿಲ್ಲ, ಸೀರೆ ಸರಿಮಾಡಿಕೊಳ್ಳಲಿಲ್ಲ. ಎಲ್ಲರೂ ಅರ್ಧ ಕಣ್ಣು ತೆರೆದು ಹೇಮಾಳ ತುಟಿಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

ತಾಸು ಮುಗಿದಾಗ ಮುರಳೀಧರಜೀ ಕಣ್ಣೊರೆಸಿಕೊಂಡರು. ಹಿಮಾಲಯದಲ್ಲೂ ಇಂಥ ಆಳದ ಮೌನ ಕಂಡಿಲ್ಲವೆಂದರು. ಇಂಥ ಪ್ರತಿಭೆ ಒಂದೇ ಊರಲ್ಲಿ ಕೊಳೆಯಬಾರದು, ನಾಗಪುರದ ಕೆಲಸ ಸಿದ್ಧಿಸಿದೆ, ನಾಳೆಯೇ ಇವಳನ್ನು ಗುವಾಹಾಟಿಗೆ ಕಳಿಸುತ್ತೇನೆ ಎಂದು ಹಿಂದಿಯಲ್ಲಿ ಸಾರಿದರು. ಹಾಲ್ ತುಂಬ ಚಪ್ಪಾಳೆ. ಜಲಜಾಳಂತೂ ಎದ್ದು ನಿಂತು ಹೊಡೆದಳು. ವಾರವೆಲ್ಲ ಅವಳ ಮುಂದೆ ಕೂತು ಹಗುರಾದವರು ಈಗ ಅವಳು ತೊಲಗಿದಳೆಂದು ಹಗುರಾದರು. ನನಗೆ ಹೇಸಿಗೆಯಾಯಿತು.

ಹೇಮಾ ಎದ್ದಳು. ಹೊರಗೆ ಇನ್ನೂ ಬಿಸಿಲಿತ್ತು.

"ನಾ ಹೋಗಂಗಿಲ್ರಿ" ಎಂದಳು. "ನನಗ ಇಲ್ಲೇ ಇರೂದೈತಿ."

ಮುರಳೀಧರಜೀಗೆ ಕನ್ನಡ ಬಾರದು. "ಏನಂದಳು?" ಎಂದು ಹಿಂದಿಯಲ್ಲಿ ಸುತ್ತ ಕೇಳಿದರು. ಮೃಣಾಲಿನಿ ನೆಲ ನೋಡಿದಳು. ಜಲಜಾ ಪರ್ಸಿನಲ್ಲಿ ಏನೋ ಹುಡುಕತೊಡಗಿದಳು. ನಾನು ಎದ್ದು ನಿಂತೆ. "ಹೋಗೋದಿಲ್ಲ ಅಂತಿದ್ದಾಳೆ, ಅವಳಿಗೆ ಇಲ್ಲೇ ಇರಬೇಕಂತೆ" ಎಂದು ಹಿಂದಿಯಲ್ಲಿ ಹೇಳಿದೆ. ಹೇಳಿ ಕೂಡಬೇಕಾಗಿತ್ತು. ಕೂಡಲಿಲ್ಲ. ವೇದಿಕೆಯ ಮೇಲೆ ವಂದನಾರ್ಪಣೆಗೆಂದು ಮೈಕು ಹಿಡಿದಿದ್ದ ನಮ್ಮವರ ಕಡೆ ತಿರುಗಿದೆ.

"ನಾನೂ ಹೋಗಂಗಿಲ್ರಿ."

"ಎಲ್ಲಿಗೆ?" ಎಂದರು ಅವರು, ಮೈಕಿನಲ್ಲೇ.

"ಧಾರವಾಡಕ್ಕ" ಎಂದೆ.