ಪಿಕ್ಕು ಬಿಟ್ಟು ಬೆರಳು ಹಿಡಿದದ್ದು

ಗಿಟಾರಿನಲ್ಲಿ ಅಮೆರಿಕದ ಬ್ಲೂಸ್ ಹಾಡು ನುಡಿಸಲು ತಂತಿ ಮೀಟುವ ಪಿಕ್ಕೆಂಬ ಪ್ಲಾಸ್ಟಿಕ್ ಚೂರು ಮೇಲೋ ಬರಿ ಬೆರಳು ಮೇಲೋ ಎಂದು ಫೋನಿನ ವಿಡಿಯೊಗಳಲ್ಲಿ ಜನ ಗಂಟೆಗಟ್ಟಲೆ ಜಗಳಾಡುತ್ತಾರೆ. ಮಾಡಲು ಕೆಲಸವಿಲ್ಲದ ಮಂದಿ. ನಾನೂ ಎರಡು ವರ್ಷ ಕೂತು ಅದನ್ನೇ ನೋಡಿದವನು, ಹಾಗಾಗಿ ಬೈಯುವ ಹಕ್ಕು ನನಗಿದೆ.

ಹಗರಿಬೊಮ್ಮನಹಳ್ಳಿಯಲ್ಲಿ ಮನೆ, ಪಶು ಆಸ್ಪತ್ರೆಯಲ್ಲಿ ಸಹಾಯಕನ ಕೆಲಸ. ಆಗ ಕೊಟ್ಟೂರು ಕಡೆಯ ಕುರಿ ರೊಪ್ಪಗಳು ನನ್ನ ಪಾಲಿಗಿದ್ದವು. ಐಸ್ ಡಬ್ಬಿಯಿಂದ ಲಸಿಕೆಯ ಬಾಟಲಿ ತೆಗೆದು ತೆಗೆದು ಸಂಜೆಯ ಹೊತ್ತಿಗೆ ಬೆರಳಿಗೆ ಜೋಮು ಹಿಡಿದಿರುತ್ತಿತ್ತು. ಬೆರಳಿನಿಂದ ಮೀಟುವ ಮಾತೇ ಇಲ್ಲ. ಕುರಿಯ ಕಿವಿಗೆ ಚುಚ್ಚುವ ಹಳದಿ ಬಿಲ್ಲೆಗಳಲ್ಲಿ ಸೀಳಿದ್ದೊಂದನ್ನು ಕತ್ತರಿಸಿ, ಕಲ್ಲಿಗೆ ತಿಕ್ಕಿ ಪಿಕ್ಕು ಮಾಡಿಕೊಂಡೆ. ಅದರ ಸದ್ದು ಓಣಿಯ ತಿರುವಿನವರೆಗೆ ಹೋಗುತ್ತಿತ್ತು.

"ಹೇಳಿದ್ದನ್ನ ಎರಡೆರಡು ಸಲ ಯಾಕ ಹೇಳ್ತೈತ್ರಿ ನಿಮ್ಮ ಗಿಟಾರು? ನಾವೇನು ಕಿವುಡ್ರಾ?" ಎಂದು ರೊಟ್ಟಿ ಬಡಿಯುತ್ತಾ ಹೆಂಡತಿ ಕೇಳಿದ್ದಳು.

ಬ್ಲೂಸ್ ಇರುವುದೇ ಹಾಗೆ, ದುಃಖವನ್ನು ಎರಡು ಸಲ ಹೇಳಿ ಮೂರನೆಯದಕ್ಕೆ ಉತ್ತರ ಕೊಡಬೇಕು ಎಂದೆ. ದೊಡ್ಡ ಪಂಡಿತ ನಾನು.

"ಹಂಗಾದ್ರ ಉತ್ತರ ನಾನ ಕೊಡ್ತೀನಿ ಬಿಡ್ರಿ."

ಅಂದಿನಿಂದ ಪ್ರತಿ ಮೂರನೆಯ ಸಾಲಿಗೆ ಅಡುಗೆಮನೆಯಿಂದ "ಹೌದೌದು" ಎಂದು ಬರುತ್ತಿತ್ತು. ರೇಗುತ್ತಿದ್ದೆ. ಒಳಗೊಳಗೆ ಅದಕ್ಕೇ ಕಾಯುತ್ತಿದ್ದೆ.

ಆಮೇಲೆ ಅವಳು ಹಾಸಿಗೆ ಹಿಡಿದಳು. ದಾವಣಗೆರೆಯ ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ನೋಡಿಕೊಳ್ಳಲು ಹರಪನಹಳ್ಳಿಯಿಂದ ಅವಳ ಅಕ್ಕ ಬಂದಳು. ನಾನು ಪಿಕ್ಕು ಬಿಟ್ಟೆ. ನೋವಿನಲ್ಲಿರುವವಳ ತಲೆಗೆ ಆ ಸದ್ದು ಬಡಿಯಬಾರದು ಎಂದುಕೊಂಡು, ಸಂಜೆ ಅಕ್ಕ ಗಂಜಿ ಕುಡಿಸಲು ಒಳಗೆ ಹೋದಾಗ ಬಾಗಿಲು ಮುಂದೆ ಮಾಡಿ ಹೊರಗಿನ ಜಗಲಿಯಲ್ಲಿ ಕೂತು ಬರಿ ಬೆರಳಿನಲ್ಲಿ ಮೀಟತೊಡಗಿದೆ. ಹೆಬ್ಬೆರಳು ದಪ್ಪ ತಂತಿಗೆ, ಉಳಿದೆರಡು ಬೆರಳು ಸಣ್ಣ ತಂತಿಗೆ. ಒಳಗೆ ಹೋಗಿ ಅವಳೆದುರು ಕೂರುವ ಧೈರ್ಯ ಇರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೂರನೆಯ ಸಾಲಿಗೆ ಒಳಗಿನಿಂದ ಏನೂ ಬರುತ್ತಿರಲಿಲ್ಲ. ನಿದ್ದೆ ಹತ್ತಿದೆ, ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದೆ. ಸುಳ್ಳೇಕೆ, ಬೆರಳು ಪಳಗಿದ್ದಕ್ಕೆ ಹೆಮ್ಮೆಯೂ ಇತ್ತು.

ಅವಳು ತೀರಿಕೊಂಡಾಗ ನನಗೆ ಏನೂ ಅನಿಸಲಿಲ್ಲ. ಬಂದವರಿಗೆ ನಾನೇ ಚಾಪೆ ಹಾಸಿ ನೀರು ಕೊಟ್ಟೆ. "ಕಲ್ಲು ಕುಂತಂಗ ಕುಂತಾನ" ಎಂದು ಯಾರೋ ಅಂದರು. ಸರಿಯಾಗೇ ಅಂದರು.

ಹನ್ನೊಂದು ದಿನ ಕಳೆದ ಮೇಲೆ ಅಕ್ಕ ಊರಿಗೆ ಹೊರಟು ಚೀಲ ಕಟ್ಟುತ್ತಾ ಕೇಳಿದಳು, "ಗಿಟಾರು ಯಾಕ ಬಿಟ್ರಿ?"

"ಬಿಟ್ಟಿಲ್ಲ. ದಿನಾ ಜಗಲಿ ಮ್ಯಾಲೆ ನುಡಿಸ್ತಿದ್ನಲ್ಲ."

ಅಕ್ಕ ಕೈ ನಿಲ್ಲಿಸಿದಳು. "ಸಂಜಿ ಆದ್ರ ಬಾಗಿಲ ಕಡೆ ಮುಖ ಮಾಡಿ ಮಲಗ್ತಿದ್ಲು. ನಾನ ಹೇಳ್ಲೇನು ನುಡಿಸು ಅಂತ ಅಂದ್ರ, ಬ್ಯಾಡಕ್ಕಾ, ಮನಸ್ಸಾದ್ರ ಅವ್ರ ನುಡಿಸ್ತಾರ ಅಂದ್ಲು."

ನನಗೆ ಸಿಟ್ಟು ಬಂತು. ಅಳು ಬರಬೇಕಾದ ಕಡೆ ಸಿಟ್ಟು. ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎನಿಸಿತು. "ಒಳಗ ಹೋಗಿ ಕುಂದ್ರು, ಕೇಳ್ತೈತೋ ಇಲ್ಲೋ ನೀನ ನೋಡು" ಎಂದೆ. ಹೆಂಡತಿಯ ಮಂಚದ ಪಕ್ಕದ ಟೇಬಲ್ ಫ್ಯಾನನ್ನು, ಅವಳು ಮಲಗಿದ್ದಾಗ ದಿನವೂ ತಿರುಗುತ್ತಿದ್ದ ಹಾಗೇ, ಹಾಕಿಸಿದೆ. ಬಾಗಿಲು ಮುಂದೆ ಮಾಡಿ ಜಗಲಿಯಲ್ಲಿ ಕೂತು, ಅವಳಿಗಾಗಿ ಕಲಿತದ್ದನ್ನೆಲ್ಲ ತಪ್ಪಿಲ್ಲದೆ ನುಡಿಸಿದೆ. ಮುಗಿಸಿ ಗಿಟಾರನ್ನು ಗೋಡೆಗೆ ಆನಿಸಿದೆ.

ಸ್ವಲ್ಪ ಹೊತ್ತಿಗೆ ಅಕ್ಕ ಬಾಗಿಲು ಸರಿಸಿ ತಲೆ ಹೊರಗೆ ಹಾಕಿದಳು.

"ಎಷ್ಟೊತ್ತು ಕಾಯ್ಲಿ? ಶುರು ಮಾಡ್ರಿ," ಎಂದಳು.