ಎಡಕ್ಕೆ ಚಾಚಿದ ಕೈ

ಇಂಥದ್ದನ್ನೆಲ್ಲ ಯಾರ ಹತ್ತಿರವಾದರೂ ಹೇಳಿಕೊಳ್ಳುವ ಸ್ವಭಾವ ನನ್ನದಲ್ಲ. ಬರೆಯುವಾಗಲೂ ಒಂದು ಮಾತನ್ನಾದರೂ ಹೆಚ್ಚಿಗೆ ಸೇರಿಸಿಬಿಟ್ಟೆನೇನೋ ಎಂದು ಮತ್ತೆ ಮತ್ತೆ ಓದಿ ಹೊಡೆದುಹಾಕಿದ್ದೇನೆ. ಇಲ್ಲಿ ಉಳಿದಿರುವುದು ನಡೆದದ್ದು ಮಾತ್ರ.

ಆಗ ತೊಂಬತ್ತರ ದಶಕದ ಕೊನೆ. ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ್ದೆ. ಫ್ರೇಜರ್ ಟೌನಿನ ಒಂದು ಷೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಕಾಲೇಜಿನ ದಿನಗಳಿಂದ ನೋಡುತ್ತಿದ್ದೆ. ಎರಡೇ ಸೀಟು, ಕ್ಯಾನ್ವಾಸ್ ಟಾಪು, ಕಿಟಕಿಗೆ ಗಾಜಿನ ಬದಲು ಗುಂಡಿ ಹಾಕಿ ಕಟ್ಟುವ ಪ್ಲಾಸ್ಟಿಕ್ ಪರದೆ. ಕೊನೆಗೂ ಅದನ್ನು ಕೊಂಡುಬಿಟ್ಟೆ.

"ಒಂದು ಕಟ್ಟು ಕೊತ್ತಂಬರಿ ಇಡೋಕೂ ಜಾಗ ಇಲ್ವಲ್ಲೇ," ಎಂದರು ಅಮ್ಮ.

"ಅವಳು ಯಾವತ್ತಾದ್ರೂ ಏನಾದ್ರೂ ಬೇಕು ಅಂದಿದ್ದಾಳಾ? ಬಿಡೇ," ಎಂದರು ಅಪ್ಪ. ಅವರಿಗೆ ನನ್ನ ಮೇಲೆ ಅಂಥ ನಂಬಿಕೆ. ಎಲ್ಲಿಗೆ, ಯಾರ ಜೊತೆ ಎಂದು ನನ್ನನ್ನು ಕೇಳಿದವರೇ ಅಲ್ಲ.

ಕಾರು ಮಾರಿದ ಸಾಹೇಬರು ಕೀಲಿ ಕೊಡುವಾಗ ಹೇಳಿದರು: "ಹಗಲು ಟ್ರಾಫಿಕ್‌ನಲ್ಲಿ ತಗೊಂಡ್ ಹೋಗ್ಬೇಡಿ ಬೇಟಾ, ರೇಡಿಯೇಟರ್ ಕುದೀತದೆ. ಇಂಡಿಕೇಟರ್ ಇಲ್ಲ. ಬಲಕ್ಕೆ ನೀವು ಕೈ ಹಾಕಿ, ಎಡಕ್ಕೆ ಪಕ್ಕದಲ್ಲಿ ಕೂತೋರು ಹಾಕ್ಬೇಕು."

ಪಕ್ಕದಲ್ಲಿ ಯಾರೂ ಇರಲಿಲ್ಲ. ಅಪ್ಪ ಸ್ಕೂಟರಿನಲ್ಲಿ ಹಿಂದೆ ಬರುವುದೆಂದಾಯಿತು. "ನೀನು ಕೈ ತೋರ್ಸು, ಇಂಡಿಕೇಟರ್ ನಾನು ಹಾಕ್ತೀನಿ. ಆಟೋದವ್ರು ಕಾಲು ಹಾಕಿ ತಿರುಗೋ ಊರಲ್ಲಿ ಇದೇನು ಮಹಾ!" ಎಡಕ್ಕೆ ತಿರುಗುವಾಗ ನಾನು ಬಲಗೈಯನ್ನೇ ಹೊರಗೆ ಚಾಚಿ ಸುತ್ತು ತಿರುಗಿಸಬೇಕು ಎಂದು ಮಾತಾಯಿತು.

ಚಳಿಗಾಲದ ರಾತ್ರಿ. ಅಪ್ಪನ ಸೆಕೆಂಡ್ ಷಿಫ್ಟ್ ಮುಗಿದ ಮೇಲೆ ಕೆ.ಆರ್. ಪುರದ ನಮ್ಮ ಮನೆಯ ಕಡೆ ಹೊರಟೆವು. ಹಲಸೂರಿನ ಸಿಗ್ನಲ್ಲನ್ನು ನಾನು ದಾಟಿದೆ, ಅಪ್ಪ ಕೆಂಪು ದೀಪಕ್ಕೆ ಸಿಕ್ಕಿಕೊಂಡರು. ಕೆರೆಯ ಬದಿಯಲ್ಲಿ ಕಾದು ನಿಂತೆ. ಎಂಜಿನ್ ಆರಿಸಲಿಲ್ಲ, ಆರಿಸಿದರೆ ಮತ್ತೆ ಹತ್ತುತ್ತದೆಂಬ ಖಾತ್ರಿ ಇರಲಿಲ್ಲ.

ಪಾಚಿಯ ವಾಸನೆ, ಪೆಟ್ರೋಲು, ಹಳೆಯ ಚರ್ಮ... ಇವುಗಳ ನಡುವೆ ಇನ್ನೊಂದು. ನುಸಿಗುಳಿಗೆ. ಟ್ರಂಕಿನಿಂದ ಆಗಷ್ಟೇ ತೆಗೆದ ಉಣ್ಣೆಬಟ್ಟೆಯ ವಾಸನೆ. ಆಗಲೇ ಕಾರು ಸ್ವಲ್ಪ ಎಡಕ್ಕೆ ವಾಲಿತು. ಸ್ಪ್ರಿಂಗು ಕಿರ್ರ್ ಎಂದಿತು...

ಹಳೆಯ ಕಾರು, ಇದ್ದದ್ದೇ ಎಂದುಕೊಂಡೆ. ಕನ್ನಡಿಯಲ್ಲಿ ಸ್ಕೂಟರಿನ ದೀಪ ಕಂಡಿತು. ಹೊರಟೆ.

ಹಳೇ ಮದ್ರಾಸ್ ರಸ್ತೆ. ಇಂದಿರಾನಗರ ದಾಟಿದ ಮೇಲೆ ಅಲ್ಲೊಂದು ಇಲ್ಲೊಂದು ಲಾರಿ, ಅಷ್ಟೇ. ಎಡಗಡೆ ಉದ್ದಕ್ಕೂ ಯಾವುದೋ ಮುಚ್ಚಿಹೋದ ಕಾರ್ಖಾನೆಯ ಗೋಡೆ.

ಪಟ್... ಎಡಗಡೆಯ ಪರದೆಯ ಗುಂಡಿ ಬಿಚ್ಚಿತು.

ಪಟ್... ಇನ್ನೊಂದು.

ಚಳಿಗಾಳಿ ನುಗ್ಗಿತು. ಸ್ಟೀರಿಂಗು ಬಿಗಿ, ಎರಡೂ ಕೈಯಲ್ಲಿ ಹಿಡಿದಿದ್ದ ನಾನು ಆ ಕಡೆ ತಿರುಗಲಿಲ್ಲ. ಕನ್ನಡಿಯತ್ತ ಕಣ್ಣು ಹೋಯಿತು. ಅಪ್ಪನ ಎಡ ಇಂಡಿಕೇಟರು ಮಿನುಗುತ್ತಿತ್ತು.

ನಾನು ಕೈಯನ್ನೇ ಎತ್ತಿರಲಿಲ್ಲ.

ಸ್ಕೂಟರಿನ ದೀಪ ಎಡಕ್ಕೆ ಹೊರಳಿತು... ಆರಿಹೋಯಿತು.

ಕಾರು ನಿಲ್ಲಿಸಿ ಓಡಿದೆ. ತುಕ್ಕು ಹಿಡಿದ ಗೇಟಿನ ಮುಂದೆ ಸ್ಕೂಟರು ಬಿದ್ದಿತ್ತು. ಅಪ್ಪ ಮೊಣಕೈ ಹಿಡಿದುಕೊಂಡು ಕೂತಿದ್ದರು.

"ದಾರೀನೇ ಇಲ್ಲದ ಕಡೆ ಎಡಕ್ಕೆ ಕೈ ಹಾಕಿಸ್ತೀಯಲ್ಲೇ..."

"ಯಾರ ಕೈಯಪ್ಪಾ?"

"ಪಕ್ಕದಲ್ಲಿ ಕೂರಿಸ್ಕೊಂಡಿದ್ಯಲ್ಲ, ಅವ್ರದ್ದು. ಸ್ವೆಟರ್ ತೋಳು. ಸರಿಯಾಗಿ ನೋಡ್ದೆ ನಾನು."

"ನಾನೊಬ್ಳೇ ಇದ್ದಿದ್ದು."

ಅಪ್ಪ ಕುಂಟುತ್ತ ಕಾರಿನವರೆಗೆ ಬಂದು, ಬಗ್ಗಿ ಎಡಸೀಟನ್ನು ನೋಡಿದರು. ರಸ್ತೆಯ ಆಚೆ ಈಚೆ ನೋಡಿದರು. ಆಮೇಲೆ ನನ್ನ ಮುಖ.

"ಕೆರೆ ಹತ್ರ ಹತ್ತಿಸ್ಕೊಂಡೆ, ಈಗ ಇಳಿಸಿ ಕಳಿಸ್ದೆ. ಯಾರಮ್ಮಾ ಅವ್ರು?" ದನಿ ತೀರಾ ತಗ್ಗಿತ್ತು.

"ಯಾರೂ ಇಲ್ಲಪ್ಪಾ. ನಿಜವಾಗ್ಲೂ."

"ಯಾರಾದ್ರೂ ಆಗ್ಲಿ, ನಾನೇನು ಬಯ್ತಿದ್ನಾ? ನಂಗೆ ಸುಳ್ಳು ಹೇಳ್ಬಿಟ್ಯಲ್ಲ."

ಮೊಣಕೈಯ ಗಾಯ ಮಾಯಿತು. ಅಪ್ಪ ಮಾತ್ರ ನನ್ನೊಡನೆ ಊಟಕ್ಕೆ ಕೂರುವುದನ್ನು ಬಿಟ್ಟರು. ಫ್ರೇಜರ್ ಟೌನಿಗೆ ಹೋಗಿ ಸಾಹೇಬರನ್ನು ಕೇಳಿದೆ. "ನಮ್ಮನೇಲಿ ಯಾರೂ ಅದ್ರಲ್ಲಿ ಕೂತಿಲ್ಲ ಬೇಟಾ. ನಾನು ತಗೊಂಡೆ, ಷೆಡ್‌ನಲ್ಲಿ ನಿಲ್ಲಿಸ್ದೆ. ಅದಕ್ ಮುಂಚೆ ಯಾರ ಹತ್ರ ಇತ್ತೋ, ಅಲ್ಲಾನೇ ಬಲ್ಲ," ಎಂದರು.

ಮನೆಯಲ್ಲಿನ ಮೌನ ತಡೆಯಲಾಗಲಿಲ್ಲ. ಒಂದು ಸಂಜೆ ಅಪ್ಪ ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ಕೂತೆ.

"ಹೌದಪ್ಪಾ, ಅವತ್ತು ಒಬ್ಳು ಇದ್ಳು. ನನ್ನ ಜೊತೆ ಕೆಲ್ಸ ಮಾಡೋ ಹುಡುಗಿ. ಹಲಸೂರಲ್ಲಿ ಹತ್ತಿದ್ಳು."

ಇಷ್ಟು ಹೇಳಿದರೆ ಅವರಿಗೆ ಸಮಾಧಾನವಾಗಬಹುದೆಂದು ಎಣಿಸಿದ್ದೆ. ಅಪ್ಪ ಲೋಟ ಕೆಳಗಿಟ್ಟರು.

"ಹುಡುಗಿ ಅಂದ್ಯಾ?"

"ಹೂಂ. ನನ್ನ ವಯಸ್ಸಿನೋಳೇ."

ಅಪ್ಪನ ಮುಖದಲ್ಲಿ ಕೋಪವಿರಲಿಲ್ಲ.

"ಎದುರಿನ ಲಾರಿ ಲೈಟು ಬಿದ್ದಾಗ ನೋಡಿದ್ದೀನಮ್ಮಾ... ಬರೀ ಮೂಳೆ, ಸುಕ್ಕು. ಅಷ್ಟು ಮುದಿ ಕೈ ನಾನು ಯಾರದ್ದೂ ನೋಡಿಲ್ಲ." ಅಮ್ಮನಿಗೆ ಕೇಳಿಸದಂತೆ ಬಾಗಿ ಪಿಸುಗುಟ್ಟಿದರು: "ಮೊದ್ಲು ಹೇಳಿದ್ದೇ ನಿಜ ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಆ ರಾತ್ರಿ ಅಪ್ಪ ನನ್ನ ಜೊತೆ ಊಟಕ್ಕೆ ಕೂತರು. ತುತ್ತು ಕಲಸಿದ್ದೇ ಹೆಚ್ಚು, ತಿಂದದ್ದು ಕಡಿಮೆ.

ಕಾರು ಈಗಲೂ ನನ್ನ ಬಳಿಯೇ ಇದೆ. ಗೊತ್ತಿದ್ದೂ ಯಾರಿಗೆಂದು ಮಾರಲಿ? ಆಗಾಗ ಓಡಿಸದಿದ್ದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ನಾನು ಹೊರಟರೆ ಅಪ್ಪ ಸ್ಕೂಟರು ತೆಗೆಯುತ್ತಾರೆ. ಆದರೆ ಹಿಂದೆ ಬರುವುದಿಲ್ಲ, ಮುಂದೆ ಹೋಗುತ್ತಾರೆ. ಸ್ಕೂಟರಿನ ಕನ್ನಡಿಯನ್ನು ಆಕಾಶದ ಕಡೆ ತಿರುಗಿಸಿಟ್ಟಿದ್ದಾರೆ.

ನಾನು ಅವರ ಬೆನ್ನನ್ನೇ ನೋಡುತ್ತ ಓಡಿಸುತ್ತೇನೆ. ಕೆಲವೊಮ್ಮೆ, ನೇರ ರಸ್ತೆಯಲ್ಲಿ, ಹಿಂದಿನ ವಾಹನ ಇದ್ದಕ್ಕಿದ್ದಂತೆ ವೇಗ ತಗ್ಗಿಸಿ ನನಗೆ ಎಡಕ್ಕೆ ದಾರಿ ಬಿಟ್ಟುಕೊಡುತ್ತದೆ...

ಯಾಕೆಂದು ನಾನು ತಿರುಗಿ ನೋಡುವುದಿಲ್ಲ.