ಬೆಂಕಿ ಬಿದ್ದ ಪದವಿನ ನೆಲ್ಲಿಗಿಡ

ನಾನು ಚಿಕ್ಕವನಿದ್ದಾಗ, ಏಪ್ರಿಲ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನ, ಮೂಡುಬಿದಿರೆಯ ಹೊರಗಿನ ನಮ್ಮ ಪದವಿನ ಹುಲ್ಲಿಗೆ ಬೆಂಕಿ ಬಿತ್ತು. ಪದವೆಂದರೆ ಮುರಕಲ್ಲಿನ ಬೋಳು ಬಯಲು. ಮಳೆಗಾಲದಲ್ಲಿ ಮೊಣಕಾಲೆತ್ತರ ಹಸಿರು, ಬೇಸಿಗೆಯಲ್ಲಿ ಬರೀ ಒಣಹುಲ್ಲು. ಊರಿನ ದನಗಳು ಮೇಯುತ್ತಿದ್ದದ್ದು ಅಲ್ಲೇ.

ಅದರ ನಡುವೆ ಅಕ್ಕ ನೆಟ್ಟ ನೆಲ್ಲಿಗಿಡವಿತ್ತು. ನಾರಾವಿಯ ಅತ್ತೆ ಕೊಟ್ಟ ಬೀಜದ್ದು. ಎರಡು ಬೇಸಿಗೆ ಕೆಳಗೆ ಹರಿಯುವ ತೋಡಿನಿಂದ ಕೊಡಪಾನದಲ್ಲಿ ನೀರು ಹೊತ್ತು ಅವಳು ಅದನ್ನು ಉಳಿಸಿದ್ದಳು. ಆಗಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಅದರ ಎತ್ತರ ನೋಡುತ್ತಿದ್ದಳು. ಅದು ನನ್ನ ಭುಜಕ್ಕೆ ಬಂದಿತ್ತು.

ಬೆಂಕಿ ಆರಿದ ಮೇಲೆ ಉಳಿದದ್ದು ಒಂದು ಕಪ್ಪು ಕಡ್ಡಿ. ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಓಡಿಹೋಗಿ ಉಗುರಿನಿಂದ ತೊಗಟೆ ಗೀರುವಳು, ಸಂಜೆ ಮತ್ತೆ ಗೀರುವಳು. ಒಳಗೆ ಹಸಿರು ಕಂಡರೆ ಜೀವವಿದೆ ಎಂದು ಅರ್ಥ. ಕಂಡದ್ದು ಕಂದು ಬಣ್ಣ ಮಾತ್ರ.

“ಬೆಂಕಿ ಬಿಟ್ಟದ್ದನ್ನು ನಿನ್ನ ಉಗುರು ಮುಗಿಸ್ತದೆ ಮಾರಾಯ್ತಿ,” ಎಂದರು ಅಪ್ಪ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಪ್ಪ ಪಿಕ್ಕಾಸು ಹಿಡಿದು ಪದವಿಗೆ ಹೊರಟರು. ಮಳೆಗೆ ಮೊದಲು ಗೇರುಗಿಡಕ್ಕೆ ಗುಂಡಿ ಆಗಬೇಕಿತ್ತು. ಕಲ್ಲುಗಳ ನಡುವೆ ಆಳವಾಗಿ ಮಣ್ಣಿದ್ದದ್ದು ನೆಲ್ಲಿಯ ಜಾಗದಲ್ಲಿ ಮಾತ್ರ. ನಾವಿಬ್ಬರೂ ಹಿಂದೆಯೇ ಓಡಿದೆವು. ಗಾಳಿಗೆ ಬೂದಿ ಎದ್ದು ಬಾಯಿಯೆಲ್ಲ ಕಹಿಯಾಯಿತು. ಬೆಳಿಗ್ಗೆಯೇ ಕಾಲಡಿಯ ಕಲ್ಲು ಕಾದ ಕಾವಲಿಯಂತಿತ್ತು.

ಅಕ್ಕ ಹೋಗಿ ಕಡ್ಡಿಯ ಮುಂದೆ ಕೂತುಬಿಟ್ಟಳು.

“ಏಳು. ಸತ್ತ ಕಡ್ಡಿಗೆ ಎಂತದು ಕಾವಲು?”

“ಏಳುವುದಿಲ್ಲ. ಮೊದಲು ಒಂದು ಮಳೆ ಬರಲಿ.”

“ಮಳೆ ಬಂದರೆ ನಿನ್ನ ತಲೆಯಲ್ಲಿ ಚಿಗುರುವುದಾ?”

ನನಗೆ ನಗು ಬಂತು. ಅಕ್ಕ ನನ್ನತ್ತ ಬೂದಿ ಎರಚಿದಳು. ಅವಳ ಕೈ ಕೆದಕಿದ ಕಡೆ ಬುಡದ ಮಣ್ಣು ಜಾರಿತು. ಬೇರಿನ ಪಕ್ಕದಲ್ಲಿ, ಅಕ್ಕಿಕಾಳಿನಷ್ಟು, ಕೆಂಪಗೆ ಏನೋ ಕಂಡಿತು. ಇಷ್ಟು ದಿನ ನಾವು ನೋಡುತ್ತಿದ್ದದ್ದು ಕಾಂಡವನ್ನು. ಮೊಳಕೆ ನೆಲದ ಒಳಗಿತ್ತು.

ಅಪ್ಪ ಬಗ್ಗಿ ತುಂಬ ಹೊತ್ತು ನೋಡಿದರು. ಪಿಕ್ಕಾಸು ಕೆಳಗಿಟ್ಟರು.

“ಎಂತ ನೋಡ್ತಾ ನಿಂತಿದ್ದೀ?” ಎಂದು ನನ್ನನ್ನೇ ಗದರಿದರು. “ಮುಳ್ಳು ತಾ. ದನ ಬರುವ ಮೊದಲು ಬೇಲಿ ಕಟ್ಟುವ.”

ಊರಿನ ಮಕ್ಕಳೇ, ಆ ಮೊಳಕೆ ಈಗ ಮರ. ನೀವು ಕಳೆದ ಮಳೆಗಾಲದಲ್ಲಿ ನೆಲ್ಲಿಗಿಡ ನೆಟ್ಟದ್ದು ಅದೇ ಮರದ ಹತ್ತಿರ. ನೀವು ಅಳೆಯುವುದು ಟೇಪಿನಲ್ಲಿ. ಅಳೆದಾಗಿನ ಫೋಟೊ ದೂರದ ಊರಿನಲ್ಲಿರುವ ನನ್ನ ಮೊಬೈಲಿಗೆ ಬರುತ್ತದೆ. ಈ ಬೇಸಿಗೆಯಲ್ಲಿ ಪದವಿಗೆ ಮತ್ತೆ ಬೆಂಕಿ ಬಿತ್ತು. ಅಕ್ಕನ ಮರ ಉಳಿದಿದೆ. ನಿಮ್ಮ ಗಿಡ ಸುಟ್ಟಿದೆ. ಇಂದು ಬೆಳಿಗ್ಗೆ ಬಂದ ಫೋಟೊದಲ್ಲಿ ಬುಡದ ಮಣ್ಣು ಕೆದಕಿದ ಒಂದು ಪುಟ್ಟ ಕೈ ಇದೆ. ಮೊಳಕೆ ಕಾಣುವುದಿಲ್ಲ. ಮಳೆ ಇನ್ನೂ ಬಂದಿಲ್ಲ.